ಪ್ಲಾಸ್ಟರ್ ಒದಗಿಸಿದವರು: ಅಜ್ರಾ

ಅಜ್ರಾಗೆ ಮುಖಗಳು ನೆನಪಿರುವುದಿಲ್ಲ, ಹಲ್ಲುಗಳು ನೆನಪಿರುತ್ತವೆ. ಸ್ಯಾನ್ ಡಿಯಾಗೊದ ಮೀರಾ ಮೆಸಾ ಕಡೆಯ ಇಂಡಿಯನ್ ಅಂಗಡಿಯಲ್ಲಿ ಯಾರಾದರೂ ಎದುರಾಗಿ ‘ಚೆನ್ನಾಗಿದೀರಾ’ ಎಂದರೆ ಅವಳು ಮೊದಲು ನೋಡುವುದು ಬಾಯಿಯನ್ನು. ಅವರು ನಕ್ಕರೆ ಬಚಾವ್. ಮೇಲ್ಸಾಲಿನ ತಿರುಚಿದ ಹಲ್ಲೋ, ಸವೆದ ಕೋರೆಯೋ ಕಂಡು ಹೆಸರು ನೆನಪಾಗುತ್ತದೆ. ನಗದವರ ಗತಿ ಕಷ್ಟ. ಹೀಗಾಗಿ ಊರಿನ ಗಂಭೀರ ಸ್ವಭಾವದವರೆಲ್ಲ ಅವಳಿಗೆ ಬಹಳ ಜಂಬ ಎಂದೇ ತಿಳಿದಿದ್ದಾರೆ.

ತಪ್ಪು ಅವಳದಲ್ಲ, ಕಸುಬಿನದು. ಇಪ್ಪತ್ತೈದು ವರ್ಷದಿಂದ ಅವಳು ಡೆಂಟಲ್ ಲ್ಯಾಬ್ ಒಂದರಲ್ಲಿ ಟೆಕ್ನಿಶಿಯನ್. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸಿ, ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದರ ಅಡಿಗೂ ಸಣ್ಣ ಹಿತ್ತಾಳೆ ಪಿನ್ನು ಕೂರಿಸಿ, ನಂಬರು ಗೀರಿ, ಬೇಕೆಂದಾಗ ಕಿತ್ತು ಬೇಕೆಂದಾಗ ಸಿಕ್ಕಿಸುವಂತೆ ಮಾಡಿಕೊಂಡು, ಆಮೇಲೆ ಹೊಸ ಹಲ್ಲು ಕಟ್ಟುತ್ತಾಳೆ. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಹಾಕಿಸಿಕೊಂಡವನಿಗೆ ತಿಂಗಳುಗಟ್ಟಲೆ ತಲೆನೋವು. ಇಷ್ಟೆಲ್ಲ ಮಾಡಿದ ಮೇಲೆ ಜನ ಹೊಗಳುವುದು ಡಾಕ್ಟರನ್ನು. ಅಜ್ರಾಳ ಕೆಲಸ ಸಾವಿರಾರು ಬಾಯಲ್ಲಿದೆ, ಹೆಸರು ಒಂದರಲ್ಲೂ ಇಲ್ಲ.

ಹೆಸರಿಲ್ಲದ ಕೆಲಸ ಅವಳಿಗೆ ತಂದೆಯ ಕಡೆಯಿಂದ ಬಂದ ಆಸ್ತಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅಬ್ಬಾ ಬೀಟೆ ಮರದ ಇನ್‌ಲೇ ಕೆಲಸ ಮಾಡುತ್ತಿದ್ದರು. ಮರದೊಳಗೆ ಬೇರೆ ಬಣ್ಣದ ಮರ ಕೂರಿಸಿ ಆನೆ, ಅಂಬಾರಿ, ಹೂಬಳ್ಳಿ. ಕೆಲಸ ಮುಗಿದು ಮೆರುಗು ಬಂದ ಮೇಲೆ ಹಿಂಬದಿಗೆ ಶೋರೂಮಿನವರ ಚೀಟಿ ಅಂಟುತ್ತಿತ್ತು. ಕೆಲಸವೇ ಮಾತಾಡುತ್ತದೆ ಬಿಡು ಮಗಳೇ ಎಂದು ಅಬ್ಬಾ ಉರ್ದುವಿನಲ್ಲಿ ಹೇಳುತ್ತಿದ್ದರು. ಹನ್ನೊಂದನೇ ವಯಸ್ಸಿನಲ್ಲಿ ಅಜ್ರಾ ಒಂದು ಮಧ್ಯಾಹ್ನ ಆ ಆನೆಗಳ ಬಾಯಿಗೆ ಕಿವಿಯಿಟ್ಟು ಕೇಳಿ ನೋಡಿದ್ದಳು. ಒಂದೂ ಮಾತಾಡಲಿಲ್ಲ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಊರೆಲ್ಲ ಬಾಯಿ ಮುಚ್ಚಿಕೊಂಡಿತು. ಹಲ್ಲಿನ ಕ್ಲಿನಿಕ್‌ಗಳು ಬಾಗಿಲು ಹಾಕಿದವು, ಲ್ಯಾಬಿನವರು ಕರೆದಾಗ ಬಾ ಎಂದು ಅಜ್ರಾಳನ್ನು ಮನೆಗೆ ಕಳಿಸಿದರು. ಗಂಡ ರಹಮತುಲ್ಲಾ ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವ ಕೆಲಸದವನು. ವಾರವಿಡೀ ಅಲ್ಲೇ ರೂಮು, ಶುಕ್ರವಾರ ಸಂಜೆ ಮನೆ. ಮಗಳು ತಹ್ರೀಮ್ ಕಾಲೇಜಿನ ಪಾಠವನ್ನು ತನ್ನ ಕೋಣೆಯಿಂದಲೇ ಕೇಳುತ್ತಿದ್ದಳು. ಹೊರಗೆ ಹೋದರೆ ಎಲ್ಲರಿಗೂ ಮಾಸ್ಕು. ಅಜ್ರಾಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಅವಳ ಪಾಲಿಗೆ ಇಡೀ ಸ್ಯಾನ್ ಡಿಯಾಗೊ ಅಪರಿಚಿತರ ಊರಾಯಿತು.

ಆ ಬೇಸರದಲ್ಲೇ ಅವಳು ಕನ್ನಡ ಬಳಗದ ಜೂಮ್ ಕಾರ್ಯಕ್ರಮಕ್ಕೆ ಕೂತದ್ದು. ಬಳಗದ ಅಧ್ಯಕ್ಷ ಜಯದೇವ ಕಾರ್ಮೆಲ್ ವ್ಯಾಲಿಯವರು, ಕಾರ್ಲ್ಸ್‌ಬಾಡ್‌ನ ಬಯೋಟೆಕ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಮೈಕು ಸಿಕ್ಕರೆ ಹಿಂತಿರುಗಿಸುವ ಅಭ್ಯಾಸವಿಲ್ಲ. ಹಿಂದಿನ ವರ್ಷ ಫ್ರಾನ್ಸಿಗೆ ಹೋಗಿ ಬಂದಿದ್ದರು. ಲುವಾರ್ ನದಿ ದಂಡೆಯ ಆಂಬ್ವಾಜ್ ಕೋಟೆಯ ಇನ್ನೂರ ನಲವತ್ತು ಫೋಟೋಗಳನ್ನು ಅಂದು ಒಂದೊಂದಾಗಿ ತೋರಿಸಿದರು. ಒಂದು ಗಂಟೆಯಾಗುವಷ್ಟರಲ್ಲಿ ಮೂವತ್ತು ಮನೆಗಳ ಪೈಕಿ ಇಪ್ಪತ್ತಾರರ ಕ್ಯಾಮೆರಾ ಆಫ್ ಆಗಿತ್ತು.

ಅಜ್ರಾಳ ಕ್ಯಾಮೆರಾ ಆನ್ ಇತ್ತು. ಅವಳು ಪರದೆಗೆ ಮೂಗು ತಾಗಿಸಿ ಕೂತಿದ್ದಳು. ಕೋಟೆಗೋಡೆಯ ಅಂಚಿನಲ್ಲಿ ಒಂದು ಪುಟ್ಟ ಗಾಥಿಕ್ ಚಾಪೆಲ್, ರಾಜ ರಾಣಿಯರ ಖಾಸಗಿ ಪ್ರಾರ್ಥನೆಗೆಂದು ಐನೂರು ವರ್ಷದ ಹಿಂದೆ ಕಟ್ಟಿದ್ದು. ಚೂಪು ಕಮಾನುಗಳು, ಲೇಸಿನ ಹಾಗೆ ತೆಳ್ಳಗೆ ಕೊರೆದ ಕಲ್ಲು, ಶಿಖರದ ಸುತ್ತ ಸಾರಂಗದ ಕೊಂಬುಗಳು. ಬಾಗಿಲ ಮೇಲಿನ ಪಟ್ಟಿಯಲ್ಲಿ ಹ್ಯೂಬರ್ಟ್ ಎಂಬ ಬೇಟೆಗಾರ. ಸಾರಂಗದ ಕೊಂಬುಗಳ ನಡುವೆ ಶಿಲುಬೆ ಕಂಡು ಮಂಡಿಯೂರಿದ್ದಾನೆ. ಒಳಗೆ ಲಿಯೊನಾರ್ಡೊ ಡಾ ವಿಂಚಿಯ ಸಮಾಧಿ ಎಂದು ಹೇಳುವ ಕಲ್ಲು. ಇದನ್ನು ಕಡೆದವರ ಹೆಸರು ಜಯದೇವರು ಹೇಳಲಿಲ್ಲ. ಅಜ್ರಾ ಕೇಳಿದ್ದು ಅದೊಂದೇ ಪ್ರಶ್ನೆ.

"ಅದೆಲ್ಲ ಯಾರಿಗ್ ಗೊತ್ತು ಅಜ್ರಾ ಅವರೇ," ಎಂದರು ಜಯದೇವ. "ಕೂಲಿ ಕೆಲ್ಸದೋರು. ಇದರ ಮಾಡೆಲ್ ಒಂದು ಮಾಡ್ಬೇಕು ಅಂತ ಆಸೆ ನನಗೆ. ನಿಮ್ ಕೈ ಬೇರೆ ಚೆನ್ನಾಗಿದೆ. ಫೋಟೋ ನಂದು, ಕೈ ನಿಮ್ದು, ಏನಂತೀರಾ?"

ಅಜ್ರಾ ಹದಿನಾಲ್ಕು ತಿಂಗಳು ಕಟ್ಟಿದಳು. ಲ್ಯಾಬು ಮತ್ತೆ ತೆರೆದ ಮೇಲೂ ಶನಿವಾರ ಭಾನುವಾರ ಗ್ಯಾರೇಜಿನಲ್ಲೇ. ಹಲ್ಲಿನ ಪ್ಲಾಸ್ಟರು, ಹಲ್ಲಿನ ಮೇಣ, ಹಲ್ಲಿನ ಕೆತ್ತುಗತ್ತಿ. ಅವಳಿಗೆ ಬರುತ್ತಿದ್ದುದು ಅದೊಂದೇ ವಿದ್ಯೆ. ಕಟ್ಟಡವೂ ಹಲ್ಲಿನ ಪದ್ಧತಿಯಲ್ಲೇ ಎದ್ದಿತು: ಕೆಳಸಾಲು ಹದಿನಾರು ತುಂಡು, ಮೇಲ್ಸಾಲು ಹದಿನಾರು ತುಂಡು, ಒಂದೊಂದಕ್ಕೂ ಒಂದೇ ಅಳತೆಯ ಪಿನ್ನು, ಅಡಿಯಲ್ಲಿ ನಂಬರು. ತುದಿಗೆ ಕೊಂಬಿನ ಶಿಖರ. ವಾರಕ್ಕೊಮ್ಮೆ ಬರುತ್ತಿದ್ದ ರಹಮತುಲ್ಲಾ ಕೆಲಸದ ಅಭ್ಯಾಸಬಲದಿಂದ ಅಳತೆಪಟ್ಟಿ ಹಿಡಿದು ತಪ್ಪು ಹುಡುಕಿ, ಸಿಗದೆ, ನಿರಾಶನಾಗಿ ಚಹಾ ಮಾಡಿಕೊಡುತ್ತಿದ್ದ. ಮುಗಿದ ದಿನ ಬಿಡಿಬಿಡಿಯಾಗಿ ಒಯ್ದು ಜಯದೇವರ ಮನೆಯ ಹಾಲಿನಲ್ಲಿ ಅವಳೇ ಜೋಡಿಸಿ ಬಂದಳು. ಜಯದೇವ ಆಗ ಮೀಟಿಂಗಿನಲ್ಲಿದ್ದರು.

ಇಪ್ಪತ್ತೊಂದರ ಅಕ್ಟೋಬರಿನಲ್ಲಿ ಆ ಮನೆಯಲ್ಲೇ ಬಳಗ ಮೊದಲ ಸಲ ಮುಖಾಮುಖಿ ಸೇರಿತು. ಅಜ್ರಾ ಹೋಗುವಷ್ಟರಲ್ಲಿ ಚಾಪೆಲ್ ಸುತ್ತ ಜನ. ಪಕ್ಕದಲ್ಲಿ ಮುತ್ತಿನಂಥ ಅಕ್ಷರದ ಕಾರ್ಡು:

‘ಪರಿಕಲ್ಪನೆ, ವಿನ್ಯಾಸ, ನಿರ್ಮಾಣ: ಜಯದೇವ. ಪ್ಲಾಸ್ಟರ್ ಒದಗಿಸಿದವರು: ಅಜ್ರಾ.’

ಜಯದೇವ ಎರಡು ಕೈಗಳನ್ನೂ ಎತ್ತಿ ಹಿಡಿದಿದ್ದರು. "ಈ ಬೆರಳು ನೋಡಿ. ಹದಿನಾಲ್ಕು ತಿಂಗಳು. ಒಂದೊಂದ್ ದಿನ ಊಟದ ಮೇಲೂ ಗ್ಯಾನ ಇರ್ತಿರ್ಲಿಲ್ಲ."

ಅಜ್ರಾ ಕಾರ್ಡನ್ನು ಮೂರು ಸಲ ಓದಿದಳು. ಜಯದೇವರ ಹೆಂಡತಿ ಲೀಲಾ ಪಕ್ಕಕ್ಕೆ ಬಂದು ತಟ್ಟೆ ಕೊಡುವ ನೆಪದಲ್ಲಿ ಮೆಲ್ಲಗೆ ಅಂದಳು, "ಅವರು ಹೇಳಿದಂಗೆ ಬರ್ದೆ ಅಜ್ರಾ. ಅಕ್ಷರ ಮಾತ್ರ ನಂದು." ಅಜ್ರಾ ನಕ್ಕಳು, ಕೋಸಂಬರಿ ತಿಂದಳು, ಎಲ್ಲರಿಗೂ ‘ಬರ್ತೀನಿ’ ಎಂದು ಹೇಳಿ ಮನೆಗೆ ಬಂದಳು. ಬಂದವಳೇ ಗ್ಯಾರೇಜಿನಲ್ಲಿ ಖಾಲಿ ಪ್ಲಾಸ್ಟರ್ ಚೀಲವನ್ನು ಒದ್ದಳು. ಅದು ಪೂರಾ ಖಾಲಿಯಾಗಿರಲಿಲ್ಲ. ಕಾಲಿನ ಹೆಬ್ಬೆರಳು ಎರಡು ವಾರ ನೀಲಿಯಿತ್ತು.

ಆ ಮನೆಯ ಮಾತು ಉರ್ದು. ಆದರೆ ಗಂಡ ಹೆಂಡತಿ ಜಗಳವಾಡುವುದು ಕನ್ನಡದಲ್ಲಿ. ಮಗಳಿಗೆ ಅರ್ಥವಾಗದಿರಲಿ ಎಂದು ಹದಿನೆಂಟು ವರ್ಷದ ಹಿಂದೆ ಹಾಕಿಕೊಂಡ ನಿಯಮ. ಪರಿಣಾಮವಾಗಿ ತಹ್ರೀಮಳ ಕನ್ನಡದಲ್ಲಿ ಬೈಗುಳ ಬಿಟ್ಟರೆ ಬೇರೆ ಪದಗಳು ಕಡಿಮೆ.

"ಬಿಟ್ಟಾಕು ಅಜ್ರಾ," ಎಂದ ರಹಮತುಲ್ಲಾ. "ದೊಡ್ಡ ಮನುಷ್ಯರು."

"ಹೆಂಗ್ ಬಿಡ್ಲಿ? ಪ್ಲಾಸ್ಟರ್ ಒದಗಿಸ್ದೋಳಂತೆ. ನಾನೇನು ಸಿಮೆಂಟ್ ಅಂಗಡಿನಾ?"

"ಜಸ್ಟ್ ಟೆಲ್ ಎವ್ರಿಬಡಿ, ಅಮ್ಮೀ," ಎಂದಳು ತಹ್ರೀಮ್ ಮೆಟ್ಟಿಲ ಮೇಲಿಂದ.

ಹೇಳುವುದು ಸುಲಭವಾಗಿರಲಿಲ್ಲ. ‘ಅದು ನಾನು ಮಾಡಿದ್ದು’ ಎಂದು ತಾನೇ ಬಾಯಿಬಿಟ್ಟು ಹೇಳುವುದೆಂದರೆ ಅಬ್ಬಾನ ಮಗಳಿಗೆ ಭಿಕ್ಷೆ ಬೇಡಿದ ಹಾಗೆ. ಹೇಳಬೇಕಾದವರು ಬೇರೆಯವರು, ಅದೂ ಜಯದೇವರ ಎದುರಿಗೆ, ತುಂಬಿದ ಸಭೆಯಲ್ಲಿ. ಅಂಥದೊಂದು ದಿನಕ್ಕಾಗಿ ಅಜ್ರಾ ಸೇಡನ್ನು ಹೆಪ್ಪು ಹಾಕಿ ಪಕ್ಕಕ್ಕಿಟ್ಟಳು. ದಿನವೂ ಒಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದಳು. ಚೆನ್ನಾಗಿ ಹುಳಿಯಾಗುತ್ತಿತ್ತು.

ಮೊದಲ ಅವಕಾಶ ಮರುವರ್ಷ ಬಂತು. ಜಯದೇವರ ಫೋನು. "ಅಜ್ರಾ ಅವರೇ, ವ್ಯಾಕ್ಯೂಮ್ ತಗುಲಿ ಒಂದು ಗಾರ್ಗಾಯ್ಲ್ ಮುರೀತು. ಸ್ವಲ್ಪ ಪ್ಲಾಸ್ಟರ್ ಮೆತ್ತಿ ಹೋಗ್ತೀರಾ?"

ಗಾರ್ಗಾಯ್ಲ್ ಎಂದರೆ ಗಾಥಿಕ್ ಕಟ್ಟಡದ ಸೂರಿನಿಂದ ಕತ್ತು ಚಾಚಿ ಮಳೆನೀರು ಉಗುಳುವ ವಿಕಾರ ಮುಖ. ನಮ್ಮ ಗುಡಿಗಳ ಸೂರಿನ ಮಕರದ ಬಾಯಿಯ ಹಾಗೆ, ಆದರೆ ಇನ್ನಷ್ಟು ಸಿಡುಕು. ಅಜ್ರಾ ಹೊಸದೊಂದನ್ನು ಮೂರು ರಜಾದಿನ ಕೂತು ಕೆತ್ತಿದಳು. ಉಬ್ಬಿದ ಕಣ್ಣು, ಜೋಲುಬಿದ್ದ ಗಲ್ಲ, ಯಾರಿಗೂ ಬಾಯಿಬಿಡಲು ಬಿಡದಷ್ಟು ದೊಡ್ಡದಾಗಿ ತೆರೆದ ಬಾಯಿ. ಆ ಬಾಯೊಳಗೆ ಅಕ್ಕಿಕಾಳಿನ ನುಚ್ಚಿಗಿಂತ ಸಣ್ಣ ಹಲ್ಲುಗಳು: ಮುಂದಿನೆರಡರ ನಡುವೆ ಸಂದು, ಅದರ ಪಕ್ಕದ್ದು ಅರ್ಧ ತಿರುಗಿ ನಿಂತದ್ದು, ಎಡಗಡೆ ಕೋರೆಹಲ್ಲಿನ ತುದಿ ಚಕ್ಕೆ ಎದ್ದದ್ದು. ಅಚ್ಚು ಬೇಕಾಗಲಿಲ್ಲ. ಜಯದೇವರು ಅಷ್ಟು ವರ್ಷ ಭಾಷಣ ಮಾಡಿದಾಗಲೆಲ್ಲ ಅವಳು ನೋಡಿದ್ದು ಅದನ್ನೇ.

ಸಿಕ್ಕಿಸಿ ಬಂದು ಕಾದಳು. ತಿಂಗಳು ಕಳೆಯಿತು, ಆರು ತಿಂಗಳು ಕಳೆಯಿತು. ಮನೆಗೆ ಬಂದವರಿಗೆಲ್ಲ ಜಯದೇವರು ತಮ್ಮದೇ ವಿಕಾರ ಮುಖದ ಪಕ್ಕದಲ್ಲೇ ನಿಂತು ಬೆರಳು ತೋರಿಸುತ್ತಿದ್ದರು. ಯಾರಿಗೂ ಕಾಣಲಿಲ್ಲ. ಹಲ್ಲು ನೋಡಿ ಗುರುತು ಹಿಡಿಯುವ ರೋಗ ತನಗೊಬ್ಬಳಿಗೇ ಇರುವುದು ಎಂಬುದನ್ನು ಅಜ್ರಾ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೊನೆಗೆ ಇಪ್ಪತ್ಮೂರರ ಯುಗಾದಿಯಂದು ಲೀಲಾಳ ಅಕ್ಕ ಇಂದಿರಾ ಊರಿಂದ ಬಂದವರು ಕನ್ನಡಕ ಸರಿಮಾಡಿಕೊಂಡು, "ಲೇ ಲೀಲಾ, ಇದು ನಿಮ್ಮನೆಯವರ ಥರಾನೇ ಇದ್ಯಲ್ಲೇ?" ಎಂದರು. ಹಾಲಿನಲ್ಲಿದ್ದ ಇಪ್ಪತ್ತು ಮಂದಿ ಕತ್ತೆತ್ತಿದರು. ಅಜ್ರಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಈಗ ಜಯದೇವ ಏನು ಹೇಳಿದರೂ ಸಿಕ್ಕಿಬೀಳುತ್ತಿದ್ದರು: ‘ಇದನ್ನು ಯಾರು ಮಾಡಿದ್ದು’ ಎಂದು ರೇಗಿದರೆ ತಾವು ಮಾಡಿಲ್ಲವೆಂದು ಒಪ್ಪಿಕೊಂಡ ಹಾಗೆ.

ಜಯದೇವ ಗಾರ್ಗಾಯ್ಲನ್ನು ನೋಡಿದರು. ಅಜ್ರಾಳನ್ನು ನೋಡಿದರು. ಅವರ ಮುಖ ಅರೆಗಳಿಗೆ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು. ಆಮೇಲೆ ನಕ್ಕರು, ಸಂದು ಕಾಣುವ ಹಾಗೆ.

"ಅಂತೂ ಒಬ್ರಾದ್ರೂ ಕಂಡು ಹಿಡಿದ್ರಲ್ಲ. ಆ ಕಾಲದ ಶಿಲ್ಪಿಗಳು ಹೆಸರು ಹಾಕ್ತಿರ್ಲಿಲ್ಲ, ಎಲ್ಲಾದ್ರೂ ಮೂಲೇಲಿ ತಮ್ಮ ಮುಖ ಕೆತ್ತಿಬಿಡ್ತಿದ್ರು. ಇದು ನನ್ನ ಸಹಿ."

ಚಪ್ಪಾಳೆ ಬಿತ್ತು. ಮರುವಾರ ಕಾರ್ಡಿಗೆ ಒಂದು ಸಾಲು ಸೇರಿತು: ‘ಗಾರ್ಗಾಯ್ಲ್: ಶಿಲ್ಪಿಯ ಸ್ವಚಿತ್ರ.’ ಅಂದರೆ ಕದ್ದ ಮಾಲಿಗೆ ಕಳ್ಳನ ಸಹಿಯನ್ನು ಅಜ್ರಾ ತನ್ನ ಕೈಯಾರೆ, ಮೂರು ರಜೆ ಕಳೆದು, ಪುಕ್ಕಟೆ ಹಾಕಿಕೊಟ್ಟಿದ್ದಳು. ಆ ಶುಕ್ರವಾರ ರಹಮತುಲ್ಲಾ ಬಂದಾಗ ಮನೆಯಲ್ಲಿ ಅಡುಗೆಯಾಗಿರಲಿಲ್ಲ.

"ಸೇಡು ತೀರಿಸ್ಕೊಳೋದು ನಿನ್ ಕೈಲಾಗೋ ಕೆಲಸ ಅಲ್ಲ ಅಜ್ರಾ," ಎಂದ ಅವನು, ಬ್ರೆಡ್ಡಿಗೆ ಜಾಮ್ ಸವರುತ್ತ. "ನೀನು ಏನು ಮಾಡಿದ್ರೂ ಚೆನ್ನಾಗ್ ಮಾಡ್‌ಬಿಡ್ತೀಯ. ಅದೇ ತೊಂದರೆ."

ಇಪ್ಪತ್ನಾಲ್ಕರ ರಾಜ್ಯೋತ್ಸವಕ್ಕೆ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊದ ಬಳಗಗಳು ಒಟ್ಟಾಗಿ ಎಲ್ ಸೆಗುಂಡೋದ ಹೋಟೆಲೊಂದರಲ್ಲಿ ಸೇರುವುದೆಂದು ನಿಶ್ಚಯವಾಯಿತು. ಆಹ್ವಾನಪತ್ರಿಕೆಯಲ್ಲಿ ಜಯದೇವರ ಫೋಟೋ ಕೆಳಗೆ ಹೀಗಿತ್ತು: ‘ಶಿಲ್ಪಿಯಿಂದ ವೇದಿಕೆಯ ಮೇಲೇ ಚಾಪೆಲ್ ಜೋಡಣೆ, ಇಪ್ಪತ್ತು ನಿಮಿಷದಲ್ಲಿ.’ ಈ ಉಪಾಯ ಹೊಳೆದದ್ದು, ಚಾಪೆಲ್ ಇಡಿಯಾಗಿ ಅವರ ಕಾರಿನ ಡಿಕ್ಕಿಗೆ ಹಿಡಿಯುವುದಿಲ್ಲ ಎಂದು ಗೊತ್ತಾದ ಮೇಲೆ.

ಬಿಚ್ಚಲು ಮಾತ್ರ ಅಜ್ರಾಗೆ ಫೋನು ಬಂತು.

ಅವಳು ಹೋಗಿ ಕೂತು ಒಂದೊಂದೇ ತುಂಡನ್ನು ಪಿನ್ನಿನಿಂದ ಎಬ್ಬಿಸಿ, ಬಟ್ಟೆ ಸುತ್ತಿ, ‘ಮೇಲ್ಸಾಲು’, ‘ಕೆಳಸಾಲು’ ಎಂದು ಚೀಟಿ ಅಂಟಿಸಿದ ಎರಡು ಡಬ್ಬಿಗಳಲ್ಲಿ ಮಲಗಿಸಿದಳು. ನಂಬರುಗಳು ಕಣ್ಣಿಗೆ ಬಿದ್ದದ್ದು ಆಗಲೇ. ಇಪ್ಪತ್ತೈದು ವರ್ಷದ ಅಭ್ಯಾಸ, ಕಟ್ಟುವಾಗ ಯೋಚನೆಯನ್ನೇ ಮಾಡದೆ ಗೀರಿದ್ದಳು. ಅಮೆರಿಕದಲ್ಲಿ ಹಲ್ಲು ಎಣಿಸುವ ಕ್ರಮವೇ ಬೇರೆ. ಎದುರು ನಿಂತು ನೋಡಿದರೆ ಮೇಲ್ಸಾಲು ನಮ್ಮ ಎಡದಿಂದ ಬಲಕ್ಕೆ ಒಂದರಿಂದ ಹದಿನಾರು. ಕೆಳಸಾಲು ಮತ್ತೆ ಎಡದಿಂದ ಶುರುವಾಗುವುದಿಲ್ಲ. ಮೇಲಿನದು ಎಲ್ಲಿ ಮುಗಿಯಿತೋ ಅದರ ಕೆಳಗೇ, ಬಲಗಡೆ, ಹದಿನೇಳು. ಅಲ್ಲಿಂದ ವಾಪಸು ಎಡಕ್ಕೆ ಬಂದು ಮೂವತ್ತೆರಡಕ್ಕೆ ಮುಗಿಯುತ್ತದೆ. ನೇಗಿಲು ಹೂಡಿದವನು ಸಾಲಿನ ತುದಿಯಲ್ಲಿ ತಿರುಗಿ ಬರುವ ಹಾಗೆ. ಲ್ಯಾಬಿನವರಿಗೆ, ಡಾಕ್ಟರಿಗೆ ಇದು ನಿದ್ದೆಯಲ್ಲೂ ಗೊತ್ತು. ಮಿಕ್ಕವರೆಲ್ಲ ಒಂದರ ಕೆಳಗೆ ಹದಿನೇಳು ಇಡುತ್ತಾರೆ.

ಅಜ್ರಾ ಹದಿನೇಳನೇ ತುಂಡನ್ನು ತಿರುಗಿಸಿ ನೋಡಿದಳು. ಆಮೇಲೆ, ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಲು ಹೊರಟಳು. "ಸಾರ್, ಅಡಿಗೆ ನಂಬರ್ ಇದೆ. ಆ ನಂಬರ್ ವಿಷಯ ಒಂದ್ ಮಾತು..."

ಜಯದೇವ ಫೋನಿನಿಂದ ತಲೆಯೆತ್ತಲಿಲ್ಲ. "ಒಂದರಿಂದ ಮೂವತ್ತೆರಡು ಎಣಿಸೋಕೆ ನಂಗೂ ಬರುತ್ತೆ ಅಜ್ರಾ ಅವರೇ. ಅಷ್ಟು ದೂರ ನೀವೇನೂ ಬರೋದ್ ಬೇಡ, ಸುಮ್ನೆ ತೊಂದರೆ."

"ಹಂಗಾದ್ರೆ ಸರಿ ಸಾರ್," ಎಂದಳು ಅಜ್ರಾ. ಎರಡನೇ ಡಬ್ಬಿಯ ಮುಚ್ಚಳವನ್ನು ಬಹಳ ಜೋಪಾನವಾಗಿ ಮುಚ್ಚಿದಳು.

ರಾಜ್ಯೋತ್ಸವದ ದಿನ ಅವಳು ಎರಡನೇ ಸಾಲಿನಲ್ಲಿ ಕೂತಿದ್ದಳು, ರೇಷ್ಮೆ ಸೀರೆ ಉಟ್ಟು, ಗಂಡನ ಪಕ್ಕ. ಹಾಲಿನಲ್ಲಿ ಮುನ್ನೂರು ಜನ. ಜಯದೇವ ಲಿಯೊನಾರ್ಡೊನಿಂದ ಶುರುಮಾಡಿದರು, ಅವನಿಗೂ ತಮಗೂ ಇರುವ ಹೋಲಿಕೆಗಳನ್ನು ಸಂಕೋಚಪಡುತ್ತಲೇ ವಿವರಿಸಿದರು. ನಂತರ ಅಂಗಿಯ ತೋಳು ಮಡಚಿ, ಕೆಳಸಾಲಿನ ಹದಿನೇಳನ್ನು ಪೀಠದ ಎಡತುದಿಯ ತೂತಿಗೆ ಇಳಿಸಿದರು. ಪಿನ್ನು ಬೆಣ್ಣೆಯಂತೆ ಕೂತಿತು. ಒಂದೇ ಅಳತೆಯ ಪಿನ್ನು. ಎಲ್ಲಿ ಇಟ್ಟರೂ ಕೂರುತ್ತದೆ.

"ನಗ್‌ಬೇಡ," ಎಂದ ರಹಮತುಲ್ಲಾ ಪಿಸುದನಿಯಲ್ಲಿ.

"ನಾನೆಲ್ಲಿ ನಗ್ತಿದೀನ್ರೀ."

"ಹಲ್ಲು ಕಾಣ್ತಿದೆ."

ಕೆಳಸಾಲು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಕಿಸಕ್ಕೆಂದರು. ಬಾಗಿಲ ಮೇಲಿನ ಪಟ್ಟಿ ಎರಡು ತುಂಡಿನದು, ಅವೆರಡೂ ಅದಲು ಬದಲಾಗಿದ್ದವು. ಹ್ಯೂಬರ್ಟ್ ಗೋಡೆಗೆ ಮುಖ ಮಾಡಿ ಮಂಡಿಯೂರಿದ್ದ. ಸಾರಂಗ ಅವನಿಗೆ ಬೆನ್ನು ಹಾಕಿ ಪಕ್ಕದ ಊರು ನೋಡುತ್ತಿತ್ತು. ಹೊರಗಿನಿಂದ ಆಸರೆ ಕೊಡಬೇಕಾದ ಗೋಡೆಗಳ ಇಳಿಜಾರು ಒಳಕ್ಕೆ ತಿರುಗಿತ್ತು.

"ಏನ್ರಿ ಇದು," ಎಂದು ಎದ್ದು ನಿಂತರು ಬೆಳಗಾವಿ ಕಡೆಯ ಅಪ್ಪಾಸಾಹೇಬ. "ಆ ಮನಷ್ಯಾ, ಆ ಜಿಂಕಿ, ಇಬ್ರೂ ಜಗಳಾ ಆಡ್ಯಾರೇನ್ರಿ?"

ಹಾಲು ನಕ್ಕಿತು. ಜಯದೇವ ಬೆವರು ಒರೆಸಿಕೊಂಡು ಮೇಲ್ಸಾಲಿಗೆ ಕೈ ಹಾಕಿದರು. ಅರ್ಧ ಕಿಟಕಿಯ ಮೇಲೆ ಇಡೀ ಗೋಡೆ, ಇಡೀ ಗೋಡೆಯ ಮೇಲೆ ಅರ್ಧ ಕಿಟಕಿ. ಇಷ್ಟಾದ ಮೇಲೆ ಸಭೆಯ ಎಂಜಿನಿಯರುಗಳು ಕೂರುವುದುಂಟೇ? ಹದಿನೈದು ಮಂದಿ ವೇದಿಕೆಗೆ ಹತ್ತಿದರು, ಹದಿನೈದು ಬಗೆಯ ಸಲಹೆ ಕೊಟ್ಟರು. ಇಪ್ಪತ್ತು ನಿಮಿಷ ಮುಗಿದು ಐವತ್ತಾಯಿತು. ಯಾರೋ ಕೇಳಿಯೇಬಿಟ್ಟರು, "ಅಲ್ಲಾ ಸಾರ್, ನೀವೇ ಮಾಡಿದ್ದಲ್ವಾ? ಮರ್ತು ಹೋಯ್ತಾ?"

ಆಗ ಅರ್ವೈನ್‌ನ ಹಲ್ಲಿನ ಡಾಕ್ಟರು ಕುಮುದಾ, ಐವತ್ತರ ಆಸುಪಾಸಿನ ಸಣ್ಣ ಆಳು, ಗುಂಪನ್ನು ಸರಿಸಿಕೊಂಡು ಹೋಗಿ ಒಂದು ತುಂಡನ್ನು ಎತ್ತಿ ಅಡಿಮೇಲು ಮಾಡಿದರು. ಇನ್ನೊಂದನ್ನು ಎತ್ತಿದರು. ಪಿನ್ನನ್ನು ಉಗುರಿನಿಂದ ತಟ್ಟಿದರು.

"ಇದು ನಮ್ ಹಲ್ಲಿನ ನಂಬರಿಂಗು," ಎಂದರು, ಪಕ್ಕದಲ್ಲೇ ಮೈಕು ಇರುವುದನ್ನು ಗಮನಿಸದೆ. "ಹದಿನೇಳು ಬಲಗಡೆ ಬರ್ಬೇಕು. ಪಿನ್ನೂ ನಮ್ ಲ್ಯಾಬಿನೋರು ಹಾಕೋದೇ. ಜಯದೇವ್, ಇದು ನೀವು ಮಾಡಿದ್ದಲ್ಲ. ಇದನ್ನ ಮಾಡಿದೋರು ಯಾರೋ ಡೆಂಟಲ್ ಟೆಕ್ನಿಶಿಯನ್. ತುಂಬಾ ಒಳ್ಳೆ ಟೆಕ್ನಿಶಿಯನ್. ಯಾರದು?"

ಮುನ್ನೂರು ಜನರಲ್ಲಿ ಸ್ಯಾನ್ ಡಿಯಾಗೊದವರು ನೂರಿಪ್ಪತ್ತು. ಆ ನೂರಿಪ್ಪತ್ತು ತಲೆಗಳೂ ಎರಡನೇ ಸಾಲಿನ ಕಡೆ ತಿರುಗಿದವು. ಅಷ್ಟರಲ್ಲಿ ಲೀಲಾ ವೇದಿಕೆಯ ಅಂಚಿನಿಂದ ಹೇಳಿದಳು, ಮೆಲ್ಲಗಲ್ಲ, "ಅಜ್ರಾ. ಹದಿನಾಲ್ಕು ತಿಂಗಳು. ಎಲ್ಲಾ ಅವಳೇ ಮಾಡಿದ್ದು."

ಜಯದೇವ ಬಾಯಿ ತೆರೆದರು. ಸಂದು, ತಿರುಗಿದ ಹಲ್ಲು, ಚಕ್ಕೆ ಎದ್ದ ಕೋರೆ, ಎಲ್ಲ ಕಂಡವು. ಅವರ ಕೈಯಲ್ಲಿದ್ದ ಗಾರ್ಗಾಯ್ಲಿಗೂ ಅವರಿಗೂ ವ್ಯತ್ಯಾಸ ಹೇಳುವುದು ಆ ಕ್ಷಣ ಮುನ್ನೂರು ಜನರಿಗೂ ಕಷ್ಟವಾಗಿತ್ತು.

ಅಜ್ರಾ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಎಲ್ಲ ತುಂಡುಗಳನ್ನೂ ಕಿತ್ತು, ಬಲಗಡೆಯಿಂದ ಶುರುಮಾಡಿ, ಒಂಬತ್ತು ನಿಮಿಷದಲ್ಲಿ ಚಾಪೆಲ್ ಎಬ್ಬಿಸಿದಳು. ಹ್ಯೂಬರ್ಟ್ ಸಾರಂಗದ ಕಡೆ ತಿರುಗಿದ. ಕೊಂಬಿನ ಶಿಖರ ಏರಿತು. ಕೊನೆಗೆ ಕಿತ್ತ ಬುದ್ಧಿಹಲ್ಲನ್ನು ಇಸಿದುಕೊಳ್ಳುವ ಡಾಕ್ಟರಂತೆ ಜಯದೇವರ ಮುಂದೆ ಕೈ ಚಾಚಿದಳು. ಅವರು ಗಾರ್ಗಾಯ್ಲ್ ಕೊಟ್ಟರು. ಅದನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಲೀಲಾಳಿಂದ ಪೆನ್ನು ತೆಗೆದುಕೊಂಡು, ಕಾರ್ಡನ್ನು ಮಗುಚಿ, ಹಿಂಬದಿಯಲ್ಲಿ ತನ್ನ ಕೆಟ್ಟ ಅಕ್ಷರದಲ್ಲಿ ಬರೆದಳು:

‘ನಿರ್ಮಾಣ: ಅಜ್ರಾ. ಹಲ್ಲು ಒದಗಿಸಿದವರು: ಜಯದೇವ.’

ಸಂಜೆ ವಾಪಸು ಬರುವಾಗ ಫ್ರೀವೇ ತುಂಬ ಕಾರುಗಳು ಆಮೆಯಂತೆ ತೆವಳುತ್ತಿದ್ದವು. ರಹಮತುಲ್ಲಾ ಕೇಳಿದ, "ಈಗ್ಲಾದ್ರೂ ಹೊಟ್ಟೆ ತಣ್ಣಗಾಯ್ತಾ?"

ಅಜ್ರಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಎಡಗಡೆ ಕೋರೆಹಲ್ಲು ನೋಡಿದ್ರಾ ಅವರ್ದು?" ಎಂದಳು. "ಚಕ್ಕೆ ಇನ್ನೂ ಮೇಲಕ್ಕೆ ಹೋಗಿದೆ. ಜಾಸ್ತಿ ಅಂದ್ರೆ ಒಂದ್ ವರ್ಷ. ಆಮೇಲೆ ಕ್ಯಾಪ್ ಹಾಕಿಸ್ಕೊಳ್ಳೇಬೇಕು."

"ಅದಕ್ಕೆ?"

"ಕಾರ್ಮೆಲ್ ವ್ಯಾಲಿ ಡಾಕ್ಟರುಗಳೆಲ್ಲ ಅಚ್ಚು ಕಳ್ಸೋದು ನಮ್ ಲ್ಯಾಬಿಗೇ. ಒಂದ್ ಕೂದಲೆಳೆ ಎತ್ತರ ಸಾಕು."

ರಹಮತುಲ್ಲಾ ಅವಳನ್ನೊಮ್ಮೆ ನೋಡಿ, ರೇಡಿಯೋ ದನಿ ಸ್ವಲ್ಪ ಹೆಚ್ಚಿಸಿದ.